ಬದು ಒಡೆಯುವವರು ತಿಳಿಗೇಡಿಗಳೇ?

ಕಳೆದ ಸಂಚಿಕೆಯ ಮಣ್ಣು ಸಂರಕ್ಷಣೆಯ ಲೇಖನವನ್ನು ಓದಿ ಜಗಳೂರು ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: “ಇಲಾಖೆ ಹಾಕಿಸಿದ ಬದುಗಳನ್ನು (ಮಣ್ಣು ಕೊಚ್ಚಿಹೋಗದಂತೆ ಇಳಿಜಾರಿಗೆ ಅಡ್ಡಲಾಗಿ ಹಾಕುವ ಮಣ್ಣಿನ ಏರಿಗಳನ್ನು) ನಮ್ಮೂರಿನ ರೈತರೇ ಟ್ರ್ಯಾಕ್ಟರ್ ಬಿಟ್ಟು ಸಮ ಮಾಡಿದ್ದಾರೆ. ತಿಳಿವಳಿಕೆ ಇಲ್ಲದವರಿಗೆ ಯೋಜನೆ ಕೊಟ್ಟು ಏನು ಪ್ರಯೋಜನ?”

ಸಂಪಾದಕರ ಉತ್ತರ:

ಮಾನ್ಯರೇ, ತಾವು ಕಂಡದ್ದು ನಿಜವೇ ಇರಬೇಕು. ತಾವು ಹೇಳಿದ ಕಾರಣವನ್ನು ಮಾತ್ರ ಒಪ್ಪಲಾರೆವು. ಬಿರುಮಳೆಗೆ ಹಳ್ಳ ಕೆಂಪಗೆ ಹರಿಯುವುದನ್ನು ಜಗಳೂರು, ಚಳ್ಳಕೆರೆ, ಮೊಳಕಾಲ್ಮುರು ಕಡೆಯ ರೈತರಿಗೆ ಯಾರೂ ತೋರಿಸಿಕೊಡಬೇಕಾಗಿಲ್ಲ. ಒಂದು ಎಕರೆಯಲ್ಲಿ ಒಂದು ಸೆಂಟಿಮೀಟರ್ ಮೇಲ್ಮಣ್ಣು ಸವೆದರೆ 50 ಟನ್ನಿಗೂ ಹೆಚ್ಚು ಮಣ್ಣು ಹೋದಂತೆ ಎಂಬ ಲೆಕ್ಕ ಗೊತ್ತಿಲ್ಲದವರಿಗೂ, ದಿಣ್ಣೆಯ ಮೇಲಿನ ಶೇಂಗಾ ಏಕೆ ಏಳುವುದಿಲ್ಲ ಎಂಬುದು ಗೊತ್ತು.

ತೊಡಕಿರುವುದು ಹೊಲದ ಆಕಾರದಲ್ಲಿ. ಅಣ್ಣತಮ್ಮಂದಿರು ಪಾಲಾಗುವಾಗ ದಿಣ್ಣೆಯೂ ತಗ್ಗೂ ಎಲ್ಲರಿಗೂ ಸಮನಾಗಿ ಬರಲೆಂದು ಜಮೀನನ್ನು ಇಳಿಜಾರಿನ ಉದ್ದಕ್ಕೇ ಪಟ್ಟಿಪಟ್ಟಿಯಾಗಿ ಸೀಳುವುದುಂಟು. ಪಂಚಾಯಿತಿಕೆಯ ದೃಷ್ಟಿಯಿಂದ ಇದು ನ್ಯಾಯವೇ, ಆದರೆ ಮಣ್ಣಿನ ದೃಷ್ಟಿಯಿಂದ ಇದಕ್ಕಿಂತ ಕೆಟ್ಟ ಪಾಲು ಇನ್ನೊಂದಿಲ್ಲ. 100 ಅಡಿ ಅಗಲದ ಎರಡು ಎಕರೆ ಪಟ್ಟಿ ಸುಮಾರು 870 ಅಡಿ ಉದ್ದವಿರುತ್ತದೆ. ಇಳಿಜಾರಿಗೆ ಅಡ್ಡಲಾಗಿ ಉತ್ತು ಬಿತ್ತಿರಿ ಎಂದು ನಮ್ಮಂಥವರು ಸುಲಭವಾಗಿ ಬರೆದುಬಿಡುತ್ತೇವೆ. ಹಾಗೆ ಮಾಡಹೊರಟರೆ ಟ್ರ್ಯಾಕ್ಟರು ನೂರು ನೂರು ಅಡಿಗೆ ತಿರುಗಬೇಕು, ತಿರುಗಲು ಪಕ್ಕದವರ ಹೊಲಕ್ಕೆ ಇಳಿಯಬೇಕು, ಗಂಟೆ ಲೆಕ್ಕದ ಬಾಡಿಗೆಯೂ ಏರುತ್ತದೆ. ಅದೇ ಪಟ್ಟಿಯಲ್ಲಿ ಆರು ಅಡಿ ಬುಡದ ಐದು ಬದು ಹಾಕಿದರೆ ಎರಡೂವರೆ ಗುಂಟೆಗೂ ಮೀರಿ ನೆಲ ಹೋಗುತ್ತದೆ. ಮೇಲಿನವರು ಬದುವಿನ ಕೋಡಿಗೆ, ಅಂದರೆ ಹೆಚ್ಚಾದ ನೀರು ಹೊರಹೋಗುವ ಬಾಯಿಗೆ, ಕಲ್ಲು ಕಟ್ಟದೆ ಬಿಟ್ಟರೆ ನೀರೆಲ್ಲ ಅಲ್ಲೇ ನುಗ್ಗಿ ಕೆಳಗಿನವರ ಹೊಲದಲ್ಲಿ ಕೊರಕಲು ಬೀಳುತ್ತದೆ. ಇನ್ನು ಬೇರೆಯವರ ಹೊಲವನ್ನು ಕೋರಿಗೆ, ಅಂದರೆ ಫಸಲಿನ ಪಾಲಿಗೆ, ಮಾಡುವವರಂತೂ ಮುಂದಿನ ವರ್ಷ ಯಾರ ಪಾಲಾಗುವುದೋ ತಿಳಿಯದ ಹೊಲಕ್ಕೆ ಏಕೆ ಬೆವರು ಸುರಿಸಿಯಾರು?

ಇದೇ ರೈತರು ಬೇಸಿಗೆಯಲ್ಲಿ ಕೈಯಿಂದ ದುಡ್ಡು ಹಾಕಿ ಹೊಲಕ್ಕೆ ಕೆರೆ ಗೋಡು (ಕೆರೆಯ ಹೂಳುಮಣ್ಣು) ಹೊಡೆಸುತ್ತಾರೆ, ಶೇಂಗಾದ ನಡುವೆ ತೊಗರಿಯ ಅಕ್ಕಡಿ (ಮಿಶ್ರ ಬೆಳೆಯ) ಸಾಲು ಬಿಡುತ್ತಾರೆ. ಇವೂ ಮಣ್ಣನ್ನು ಕಾಯುವ ಕೆಲಸಗಳೇ. ಫಲ ಬೇಗ ಕೈಗೆ ಬರುವುದರಿಂದ ಯಾರೂ ಹೇಳದೆಯೇ ಉಳಿದುಕೊಂಡಿವೆ.

ಹಾಗೆಂದು ಬದು ಬೇಡವೆಂದು ನಾವು ಹೇಳುತ್ತಿಲ್ಲ. ಅದು ಒಬ್ಬೊಬ್ಬರ ಪಹಣಿಗೆ ಸೇರಿದ ಕೆಲಸವಲ್ಲ, ಇಡೀ ಇಳಿಜಾರಿನ ಕೆಲಸ. 2001ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಚಿತ್ರದುರ್ಗವೂ ಸೇರಿ ಐದು ಜಿಲ್ಲೆಗಳಲ್ಲಿ ಆರಂಭವಾದ ಸುಜಲ ಜಲಾನಯನ ಯೋಜನೆಯು ಅಕ್ಕಪಕ್ಕದ ಜಮೀನಿನವರನ್ನು ಗುಂಪು ಮಾಡಿ, ಅವರಿಂದ ವಂತಿಗೆ ಪಡೆದು ಕೆಲಸ ನಡೆಸಲು ಹೊರಟಿದ್ದು ಈ ಕಾರಣಕ್ಕೇ. ನಾಲ್ವರು ದಾಯಾದಿಗಳು ಮೇರೆಗೆ ಗೂಟ ನೆಟ್ಟುಕೊಂಡು, ಬಿತ್ತನೆಯನ್ನು ಮಾತ್ರ ಒಟ್ಟಾಗಿ ಅಡ್ಡಲಾಗಿ ಮಾಡಿ, ಕೊಯ್ಲನ್ನು ಬೇರೆ ಬೇರೆಯಾಗಿ ಮಾಡಿಕೊಂಡರೂ ಸಾಕು. ಟ್ರ್ಯಾಕ್ಟರು 400 ಅಡಿಗೊಮ್ಮೆ ತಿರುಗಿದರಾಯಿತು. ಬದುವಿನ ಮೇಲೆ ಗೊಬ್ಬರದ ಗಿಡವನ್ನೋ ಮೇವಿನ ಹುಲ್ಲನ್ನೋ ಬೆಳೆಸಿದರೆ ಹೋದ ಗುಂಟೆಗಳಿಂದಲೂ ಏನಾದರೂ ಬರುತ್ತದೆ.

ಬದು ಸಮ ಮಾಡಿದವರು ಸ್ವಂತ ಹೊಲದವರೋ ಕೋರಿನವರೋ, ಅವರ ಪಟ್ಟಿಗಳು ಇಳಿಜಾರಿನ ಯಾವ ದಿಕ್ಕಿಗಿವೆ, ಬದುಗಳಿಗೆ ಕೋಡಿ ಇತ್ತೇ ಎಂಬುದನ್ನು ಅವರಲ್ಲೇ ವಿಚಾರಿಸಿ ಬರೆದು ಕಳಿಸಿರಿ; ಪ್ರಕಟಿಸುತ್ತೇವೆ.