ಗಾಡಿ ಪ್ರಶ್ನೆ: ಟ್ರ್ಯಾಕ್ಷನ್ ಕಂಟ್ರೋಲ್‌ಗೆ ಕಟ್ ಸ್ವಿಚ್ ಹಾಕಿಸಲಾ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಟಾರು ರಸ್ತೆ ಬಿಟ್ಟ ಮೇಲೆ ಮನೆವರೆಗೆ ಮಣ್ಣಿನ ದಾರಿ, ಕೊನೆಯಲ್ಲಿ ಕಡಿದಾದ ಒಂದು ಏರು. ಹಳೇ ಜೀಪು ಮಾರಿ ಹೊಸ ಎಸ್‌ಯುವಿ ತಗೊಂಡೆ. ಡೀಸೆಲ್, ಮುಂದಿನ ಎರಡು ಚಕ್ರಕ್ಕೆ ಮಾತ್ರ ಡ್ರೈವ್, ನಡುವಿನ ವೇರಿಯಂಟ್. ಮಳೆಗಾಲದಲ್ಲಿ ಏರಿನ ಅರ್ಧಕ್ಕೆ ಹೋಗಿ ಚಕ್ರ ಸ್ವಲ್ಪ ಜಾರಿತು ಅಂದರೆ ಎಂಜಿನ್ ಉಸಿರು ಕಟ್ಟಿದ ಹಾಗೆ ಆಗುತ್ತದೆ. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಪಿಕಪ್ ಇಲ್ಲ, ಮೀಟರಿನಲ್ಲಿ ಹಳದಿ ದೀಪ ಮಿಣಮಿಣ. ಟಾಪ್ ವೇರಿಯಂಟ್‌ನಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಆಫ್ ಮಾಡುವ ಬಟನ್ ಇದೆ, ನನ್ನದರಲ್ಲಿ ಇಲ್ಲ. ಶಿವಮೊಗ್ಗದ ಎಲೆಕ್ಟ್ರಿಷಿಯನ್ ಒಬ್ಬರು ಮುಂದಿನ ಚಕ್ರದ ಸೆನ್ಸರ್ ವೈರಿನ ಮಧ್ಯೆ ಒಂದು ಸ್ವಿಚ್ ಕೊಡ್ತೀನಿ, ಬೇಕಾದಾಗ ಕಟ್ ಮಾಡಿಕೊಳ್ಳಿ ಅಂತಿದ್ದಾರೆ. ಹಾಕಿಸಲಾ?

ಉತ್ತರ: ಆ ಸ್ವಿಚ್ ಬೇಡ. ಬೇರೆ ಸ್ವಿಚ್ ಹಾಕಿಸಬಹುದು, ಅದಕ್ಕೆ ಆಮೇಲೆ ಬರೋಣ.

ಮೊದಲು ಏರಿನ ಮೇಲೆ ಏನಾಗುತ್ತಿದೆ ನೋಡಿ. ಟ್ರ್ಯಾಕ್ಷನ್ ಕಂಟ್ರೋಲ್ ಮಾಡುವುದು ಎರಡು ಕೆಲಸ. ಒಂದು, ಚಕ್ರದ ವೇಗ ಅಳೆಯುವ ಸೆನ್ಸರಿನಿಂದ ಚಕ್ರ ಜಾರಿದ್ದು ಗೊತ್ತಾದ ತಕ್ಷಣ ಎಂಜಿನ್ನಿನ ಶಕ್ತಿ ಇಳಿಸುತ್ತದೆ. ಎರಡು, ಸುಮ್ನೆ ಗಿರಗಿರ ಸುತ್ತುತ್ತಿರುವ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕುತ್ತದೆ. ನಿಮಗೆ ತೊಂದರೆ ಕೊಡುತ್ತಿರುವುದು ಮೊದಲನೆಯದು. ಕೆಸರಿನಲ್ಲಿ ಚಕ್ರ ಒಂಚೂರು ಜಾರಿಕೊಂಡೇ ಮೇಲಿನ ರಾಡಿ ಕೆರೆದು ಕೆಳಗಿನ ಗಟ್ಟಿ ನೆಲ ಹಿಡಿಯಬೇಕು, ಟೈರಿನ ಗೆರೆಯಲ್ಲಿ ತುಂಬಿದ ಕೆಮ್ಮಣ್ಣು ಸಿಡಿದು ಹೋಗಬೇಕು. ಟಾರು ರಸ್ತೆ ಲೆಕ್ಕದಲ್ಲಿ ಯೋಚಿಸುವ ಕಂಪ್ಯೂಟರ್‌ಗೆ ಇದು ಗೊತ್ತಿಲ್ಲ. ಜಾರಿದೆ, ಶಕ್ತಿ ಇಳಿಸು, ಅಷ್ಟೇ.

ಆದರೆ ಎರಡನೇ ಕೆಲಸ ನಿಮ್ಮ ಗೆಳೆಯ. ಎಂಜಿನ್ನಿನ ಬಲವನ್ನು ಎಡ ಬಲ ಚಕ್ರಕ್ಕೆ ಹಂಚುವುದು ಡಿಫರೆನ್ಶಿಯಲ್, ನಿಮ್ಮ ಗಾಡಿಯಲ್ಲಿ ಇರುವುದು ಸಾದಾ ಡಿಫರೆನ್ಶಿಯಲ್. ಒಂದು ಮುಂದಿನ ಚಕ್ರ ಗಾಲಿ ಜಾಡಿನ ಗುಂಡಿಗೆ ಬಿದ್ದು ಹಿಡಿತ ಕಳೆದುಕೊಂಡರೆ ಅದೇ ಸುತ್ತುತ್ತದೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರ ಸುಮ್ಮನೆ ನಿಲ್ಲುತ್ತದೆ. ಸುತ್ತುವ ಚಕ್ರಕ್ಕೆ ಬ್ರೇಕ್ ಬಿದ್ದಾಗ ಮಾತ್ರ ಗಟ್ಟಿ ನೆಲದ ಚಕ್ರಕ್ಕೆ ಬಲ ಬರುತ್ತದೆ. ಸೆನ್ಸರ್ ವೈರ್ ಕಟ್ ಮಾಡಿದರೆ ಎರಡೂ ಕೆಲಸ ಒಟ್ಟಿಗೆ ನಿಲ್ಲುತ್ತವೆ. ಎಂಜಿನ್ ಗರ್ರ್ ಅನ್ನುತ್ತದೆ, ಪಿಕಪ್ ಬಂತು ಅನ್ನಿಸುತ್ತದೆ, ಒಂದೇ ಚಕ್ರ ಕೆಸರು ಹಾರಿಸುತ್ತಾ ಗುಂಡಿ ತೋಡುತ್ತದೆ. ಕೆಲವು ಏರಿನಲ್ಲಿ ಮೊದಲಿಗಿಂತ ಬೇಗ ಹೂತುಕೊಳ್ಳುತ್ತೀರಿ.

ಇನ್ನು ದೊಡ್ಡ ತೊಂದರೆ ಬ್ರೇಕಿನದು. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಬಾಷ್ ಕಂಪನಿಯ ಎಬಿಎಸ್ 1978ರಲ್ಲಿ ಮರ್ಸಿಡಿಸ್ ಕಾರಿನಲ್ಲಿ ಬಂತು, ಅದೇ ಕಂಪನಿಯ ಟ್ರ್ಯಾಕ್ಷನ್ ಕಂಟ್ರೋಲ್ 1986ರಲ್ಲಿ, ಗಾಡಿ ಅಡ್ಡ ಜಾರದಂತೆ ಹಿಡಿಯುವ ಇಎಸ್‌ಪಿ 1995ರಲ್ಲಿ. ಒಂದರ ಹೆಗಲ ಮೇಲೆ ಇನ್ನೊಂದು ಹತ್ತಿ ಕೂತಿವೆ. ಮೂರಕ್ಕೂ ಅದೇ ನಾಲ್ಕು ಚಕ್ರದ ಸೆನ್ಸರ್, ಅದೇ ಪಂಪು, ಅದೇ ಕಂಪ್ಯೂಟರ್. ಹಾಗಾಗಿ ಸೆನ್ಸರ್ ವೈರ್ ಬಿಟ್ಟಿತು ಅಂದರೆ ಎಬಿಎಸ್ ಕೂಡ ಹೋಯಿತು. ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಬಿಡಬೇಕು ಅಂತ ಲೆಕ್ಕ ಹಾಕುವ ಇಬಿಡಿಯೂ ಕೆಲವು ಗಾಡಿಗಳಲ್ಲಿ ಅದರ ಜೊತೆ ಕೈಕೊಡಬಹುದು. ಆಗ ಇಳಿಜಾರಿನಲ್ಲಿ ಜೋರಾಗಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಬಾಲ ಪಕ್ಕಕ್ಕೆ ತಿರುಗುವ ಅಪಾಯ ಇದೆ. ಕಂಪನಿ ಕೊಡುವ ಆಫ್ ಬಟನ್ ಹೀಗಲ್ಲ, ಅದು ಎಬಿಎಸ್ ಮುಟ್ಟುವುದೇ ಇಲ್ಲ.

ಮನೆ ಹತ್ತಿದ ಮೇಲೆ ಸ್ವಿಚ್ ಮತ್ತೆ ಆನ್ ಮಾಡಿದರೆ ಸರಿಹೋಗಲ್ವಾ ಅಂತ ಕೇಳಬಹುದು. ಹಲವು ಗಾಡಿಗಳಲ್ಲಿ ಹೋಗಲ್ಲ. ಒಮ್ಮೆ ಫಾಲ್ಟ್ ದಾಖಲಾದರೆ ಎಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿ ಸ್ವಲ್ಪ ದೂರ ಓಡಿಸುವವರೆಗೆ ಎಬಿಎಸ್ ವಾಪಸ್ ಬರುವುದಿಲ್ಲ. ಅವಸರದಲ್ಲಿ ಯಾರು ನೆನಪಿಡುತ್ತಾರೆ? ಅದೇ ಗಾಡಿ ತಗೊಂಡು ಮದುವೆಗೆ ಅಂತ ಉಡುಪಿ ಕಡೆ ಹೊರಟರೆ ಮುಂದೆ ಆಗುಂಬೆ ಘಾಟಿ, 14 ಹೇರ್‌ಪಿನ್ ತಿರುವು. ವರ್ಷಕ್ಕೆ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಊರು ಅದು. ಅಲ್ಲಿ ಎಬಿಎಸ್ ಇಲ್ಲದೆ ಇಳಿಯುವ ಆಸೆ ಯಾರಿಗೂ ಬೇಡ.

ನನಗೆ ಇದಕ್ಕಿಂತ ಭಯ ಆಗುವುದು ಆ ಜಾಯಿಂಟ್ ಬಗ್ಗೆ. ಚಕ್ರದ ಸೆನ್ಸರಿನಿಂದ ಬರುವ ಸಿಗ್ನಲ್ ಬಹಳ ಸಣ್ಣದು. ಆ ವೈರ್ ಕತ್ತರಿಸಿ, ಸ್ವಿಚ್‌ವರೆಗೆ ಎಳೆದು, ಟೇಪ್ ಸುತ್ತಿದರೆ ನಮ್ಮ ಕಡೆಯ ಒಂದು ಮಳೆಗಾಲ ಸಾಕು ಕಿಲುಬು ಹಿಡಿಯೋಕೆ. ಪೂರ್ತಿ ಕಟ್ ಆದರೆ ದೀಪ ಹತ್ತಿ ಗೊತ್ತಾಗುತ್ತದೆ. ಅರ್ಧಂಬರ್ಧ ಆದರೆ ಕಷ್ಟ. ಸಿಗ್ನಲ್ ಒಂದು ಕ್ಷಣ ಬಂದು ಒಂದು ಕ್ಷಣ ಹೋದಾಗ ಆ ಚಕ್ರ ಲಾಕ್ ಆಗಿದೆ ಅಂತ ಕಂಪ್ಯೂಟರ್ ತಿಳಿದುಕೊಂಡು, ಒಣ ರಸ್ತೆಯಲ್ಲೇ ನೀವು ಬ್ರೇಕ್ ಒತ್ತುತ್ತಿದ್ದರೂ ಅದು ಒತ್ತಡ ಬಿಡುತ್ತಾ ಹೋಗಬಹುದು. ಪೆಡಲ್ ಟಕಟಕ ಅನ್ನುತ್ತದೆ, ಗಾಡಿ ನಿಲ್ಲಬೇಕಾದ ಜಾಗದಲ್ಲಿ ನಿಲ್ಲುವುದಿಲ್ಲ. ಅಂದರೆ ಸ್ವಿಚ್ ಮುಟ್ಟದೇ ಇದ್ದ ದಿನವೂ ಅಪಾಯ ಇದ್ದೇ ಇದೆ. ಎಬಿಎಸ್ ಫ್ಯೂಸ್ ಕಿತ್ತು ಏರು ಹತ್ತುವವರೂ ಇದ್ದಾರೆ. ಜಾಯಿಂಟ್ ತಲೆನೋವು ಅದರಲ್ಲಿಲ್ಲ, ಉಳಿದದ್ದೆಲ್ಲ ಅದೇ ಕಥೆ. ಕೆಲವು ಗಾಡಿಗಳಲ್ಲಿ ಸ್ಪೀಡೋಮೀಟರ್ ಕೂಡ ನಿಂತುಹೋಗುತ್ತದೆ, ಯಾಕೆಂದರೆ ವೇಗದ ಲೆಕ್ಕ ಬರುವುದು ಎಬಿಎಸ್ ಕಂಪ್ಯೂಟರಿನಿಂದ.

ಈಗ ಬೇರೆ ಸ್ವಿಚ್ಚಿನ ವಿಷಯ. ಟಚ್‌ಸ್ಕ್ರೀನ್ ಇದ್ದರೆ ಅದರ ವಾಹನ ಸೆಟ್ಟಿಂಗ್ಸ್ ಒಳಗೆ, ಇಲ್ಲದಿದ್ದರೆ ಮೀಟರಿನ ಮೆನುವಿನಲ್ಲಿ ಇಎಸ್‌ಪಿ ಆಫ್ ಅಂತ ಅಡಗಿದೆಯಾ ಹುಡುಕಿ. ಬಟನ್ ಇಲ್ಲದ ಕೆಲವು ಗಾಡಿಗಳಲ್ಲಿ ಅದು ಅಲ್ಲಿರುತ್ತದೆ, ಮಾರಿದವರಿಗೂ ಗೊತ್ತಿರುವುದಿಲ್ಲ. ಅಲ್ಲೂ ಇಲ್ಲವಾ, ಎಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ. ಎಲ್ಲ ದೀಪಗಳೂ ಒಮ್ಮೆ ಹತ್ತುತ್ತವಲ್ಲ, ಆಗ ಜಾರುವ ಕಾರಿನ ಚಿತ್ರದ ದೀಪದ ಜೊತೆಗೆ ಕೆಳಗೆ ಆಫ್ ಅಂತ ಬರೆದಿರುವ ಇನ್ನೊಂದು ದೀಪವೂ ಹತ್ತಿದರೆ ಒಳ್ಳೆಯ ಸೂಚನೆ. ಕಡೇಪಕ್ಷ ಮೀಟರ್‌ಗೆ ಆ ವಿಷಯ ಗೊತ್ತಿದೆ. ಆಮೇಲೆ ಸ್ಟೀರಿಂಗ್ ಪಕ್ಕದ ಖಾಲಿ ಡಮ್ಮಿ ಬಟನ್ ಹಿಂದೆ ಟಾಪ್ ವೇರಿಯಂಟ್‌ನ ಕನೆಕ್ಟರ್ ಬಂದಿದೆಯಾ ನೋಡಿಸಿ. ಒಂದೇ ವೈರಿಂಗ್ ಎಲ್ಲ ವೇರಿಯಂಟ್‌ಗೂ ಹಾಕುವ ಅಭ್ಯಾಸ ಕಂಪನಿಗಳಿಗೆ ಇದೆ. ಇದ್ದರೆ ಚಾಸಿ ನಂಬರ್ ಕೊಟ್ಟು ಕಂಪನಿಯ ಬಟನ್ನನ್ನೇ ತರಿಸಿ.

ಆ ಬಟನ್ ಯಾವ ವೈರನ್ನೂ ಕಟ್ ಮಾಡುವುದಿಲ್ಲ. ಒತ್ತಿ ಬಿಟ್ಟಾಗ ಕಂಪ್ಯೂಟರ್‌ಗೆ ಒಂದು ಸಿಗ್ನಲ್ ಹೋಗುತ್ತದೆ, ಕಂಪ್ಯೂಟರ್ ತಾನೇ ಎಂಜಿನ್ ಶಕ್ತಿ ಇಳಿಸುವುದನ್ನು ಬಿಡುತ್ತದೆ, ಸುತ್ತುವ ಚಕ್ರಕ್ಕೆ ಬ್ರೇಕ್ ಹಾಕುವ ಕೆಲಸ ಹಲವು ಗಾಡಿಗಳಲ್ಲಿ ಉಳಿದುಕೊಳ್ಳುತ್ತದೆ. ನಿಮ್ಮ ಏರಿಗೆ ಬೇಕಾಗಿದ್ದು ಇದೇ ತಾನೇ? ಕೆಲವಕ್ಕೆ ಬಟನ್ ಹಾಕಿದ ಮೇಲೆ ಸ್ಕ್ಯಾನರ್ ಹಚ್ಚಿ ಕೋಡಿಂಗ್ ಮಾಡಬೇಕು, ಅದನ್ನು ಸರ್ವಿಸ್ ಸೆಂಟರಿನಲ್ಲೇ ಮಾಡಿಸಿ. ಟಾಪ್ ವೇರಿಯಂಟ್‌ನ ಎಬಿಎಸ್ ಘಟಕದ ಪಾರ್ಟ್ ನಂಬರೇ ಬೇರೆ ಇದ್ದರೆ ಮಾತ್ರ ಅಲ್ಲಿಗೇ ಬಿಟ್ಟುಬಿಡಿ, ಅಷ್ಟು ದುಡ್ಡು ಸುರಿಯುವ ಬದಲು ನಾಲ್ಕು ಒಳ್ಳೆಯ ಟೈರ್ ತಗೊಳ್ಳಿ.

ಟೈರ್ ಅಂದೆ ನೋಡಿ, ನಿಜಕ್ಕೂ ನಿಮ್ಮ ಅರ್ಧ ಸಮಸ್ಯೆ ಅಲ್ಲೇ ಇದೆ. ಗಾಡಿ ಜೊತೆ ಬರುವುದು ಹೈವೇ ಟೈರು. ಗೆರೆ ಸಣ್ಣ, ಕೆಮ್ಮಣ್ಣು ತುಂಬಿದರೆ ನುಣ್ಣಗಾಗಿಬಿಡುತ್ತದೆ. ಕಾನೂನಿನ ಪ್ರಕಾರ ಗೆರೆಯ ಆಳ 1.6 ಮಿಲಿಮೀಟರ್ ಇದ್ದರೆ ಸಾಕು, ಮಲೆನಾಡಿನ ಕೆಸರಿಗೆ ಅದು ಏನೇನೂ ಸಾಲದು. ಅದೇ ಅಳತೆಯ, ಅದೇ ಲೋಡ್ ರೇಟಿಂಗಿನ ಆಲ್ ಟೆರೇನ್ ಟೈರ್ ಹಾಕಿಸಿದರೆ ಮೈಲೇಜ್ ಸ್ವಲ್ಪ ಇಳಿಯುತ್ತದೆ, ಶಬ್ದ ಜಾಸ್ತಿಯಾಗುತ್ತದೆ, ಏರು ಹತ್ತುತ್ತದೆ. ಜಾರು ಜಾಸ್ತಿ ಇದ್ದ ದಿನ ಗಾಳಿಯನ್ನು 20-22 ಪಿಎಸ್‌ಐಗೆ ಇಳಿಸಿ ನಿಧಾನಕ್ಕೆ ಹತ್ತಬಹುದು, ಆದರೆ ಟಾರು ರಸ್ತೆಗೆ ಹೋಗುವ ಮೊದಲು ಮತ್ತೆ ತುಂಬಲೇಬೇಕು. ಸಣ್ಣ ಏರ್ ಪಂಪ್ ಒಂದು ಡಿಕ್ಕಿಯಲ್ಲಿರಲಿ.

ಓಡಿಸುವ ರೀತಿಯೂ ಬದಲಾಗಬೇಕು. ಹೆಚ್ಚಿನವರು ದೀಪ ಮಿಣುಗಿದ ತಕ್ಷಣ ಕಾಲು ತೆಗೆಯುತ್ತಾರೆ, ಇಲ್ಲವೇ ನೆಲಕ್ಕೆ ಒತ್ತುತ್ತಾರೆ. ಎರಡೂ ಬೇಡ. ಏರಿನ ಬುಡದಲ್ಲೇ ಸ್ವಲ್ಪ ವೇಗ ಹಿಡಿದು, ಆಕ್ಸಿಲರೇಟರನ್ನು ಒಂದೇ ಸಮ ಹಿಡಿದುಕೊಳ್ಳಿ. ಬ್ರೇಕ್ ಕರಕರ ಅನ್ನುತ್ತಾ ಸುತ್ತುವ ಚಕ್ರವನ್ನು ಹಿಡಿಯಲು ಅದಕ್ಕೆ ಒಂದೆರಡು ಸೆಕೆಂಡ್ ಬೇಕು. ಎಡಗಾಲಲ್ಲಿ ಬ್ರೇಕ್ ಮೆಲ್ಲಗೆ ಒತ್ತಿ ಹತ್ತಿಸುವ ಹಳೇ ಉಪಾಯ ಹೊಸ ಗಾಡಿಗಳಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ, ಎರಡೂ ಪೆಡಲ್ ಒಟ್ಟಿಗೆ ಒತ್ತಿದರೆ ಕಂಪ್ಯೂಟರ್ ಎಂಜಿನ್ ಶಕ್ತಿ ಇಳಿಸುತ್ತದೆ.

ಏನೂ ಆಗದಿದ್ದರೆ ರಿವರ್ಸ್‌ನಲ್ಲಿ ಹತ್ತಿಸಿ. ತಮಾಷೆ ಅಲ್ಲ. ಮುಂದಕ್ಕೆ ಹತ್ತುವಾಗ ಭಾರವೆಲ್ಲ ಹಿಂದಕ್ಕೆ ಹೋಗಿ ನಿಮ್ಮ ಡ್ರೈವ್ ಚಕ್ರ ಹಗುರಾಗುತ್ತವೆ. ಹಿಮ್ಮುಖ ಹತ್ತಿದರೆ ಎಂಜಿನ್ನಿನ ಭಾರದ ಜೊತೆ ಇಳಿಜಾರಿನ ಭಾರವೂ ಮುಂದಿನ ಚಕ್ರದ ಮೇಲೇ ಬೀಳುತ್ತದೆ. ಏರು ಉದ್ದ ಇಲ್ಲದಿದ್ದರೆ, ಪಕ್ಕದಲ್ಲಿ ಧರೆ ಕುಸಿಯುವ ಜಾಗ ಇಲ್ಲದಿದ್ದರೆ, ಹಿಂದೆ ಒಬ್ಬರು ನಿಂತು ದಾರಿ ತೋರಿಸಿದರೆ ಇದು ಕೆಲಸ ಮಾಡುತ್ತದೆ. ದಾರಿ ತೋರಿಸುವವರು ಗಾಡಿಯ ನೇರಕ್ಕೆ ಮಾತ್ರ ನಿಲ್ಲಬಾರದು. ಜಾಡಿಗೆ ಜಂಬಿಟ್ಟಿಗೆ ಚೂರು ಹಾಕಿ, ಅಥವಾ ಅಡಿಕೆ ದಬ್ಬೆಯನ್ನು ಅಡ್ಡಡ್ಡ ಜೋಡಿಸಿ. ಅಡಿಕೆ ಹಾಳೆ ಹಾಕಬೇಡಿ, ಒದ್ದೆ ಹಾಳೆ ಎಷ್ಟು ಜಾರುತ್ತದೆ ಅಂತ ತೋಟದವರಿಗೆ ನಾನು ಹೇಳಬೇಕಾಗಿಲ್ಲ.

ಪ್ರಶ್ನೆ: ಕೊಡಚಾದ್ರಿಗೆ ಹೋಗುವ ಹಳೇ ಜೀಪುಗಳಲ್ಲಿ ಇದ್ಯಾವುದೂ ಇಲ್ಲ, ಅವು ಹತ್ತುತ್ತವೆ. ನಮ್ಮ ಇಪ್ಪತ್ತು ಲಕ್ಷದ ಗಾಡಿ ತೋಟದ ದಿಣ್ಣೆ ಹತ್ತಲ್ಲ. ಈ ಎಲೆಕ್ಟ್ರಾನಿಕ್ಸ್ ಎಲ್ಲ ದಂಡ ಅಲ್ವಾ? (ಸಾಗರದ ಓದುಗರು)

ಉತ್ತರ: ಆ ಜೀಪುಗಳಲ್ಲಿ ಇರುವುದನ್ನೂ ಲೆಕ್ಕ ಹಾಕಿ. ನಾಲ್ಕೂ ಚಕ್ರಕ್ಕೆ ಡ್ರೈವ್, ಲೋ ಗೇರ್, ನೆಲದಿಂದ ಎತ್ತರ, ಮುಂದೆ ಹಿಂದೆ ಉದ್ದ ಚಾಚಿಕೊಳ್ಳದ ಬಂಪರ್. ಎಲ್ಲಕ್ಕಿಂತ ಜಾಸ್ತಿ, ಯಾವ ಕಲ್ಲಿನ ಮೇಲೆ ಯಾವ ಚಕ್ರ ಇಡಬೇಕು ಅಂತ ಗೊತ್ತಿರುವ ಡ್ರೈವರ್. 1343 ಮೀಟರ್ ಎತ್ತರದ ಬೆಟ್ಟಕ್ಕೆ ಅವರು ನಡಿಗೆಗಿಂತ ಸ್ವಲ್ಪ ಜೋರಾಗಿ ಹೋಗುತ್ತಾರೆ ಅಷ್ಟೆ. ಅದೇ ಜೀಪನ್ನು ಶಿವಮೊಗ್ಗ-ಬೆಂಗಳೂರು ಹೆದ್ದಾರಿಯಲ್ಲಿ ನೂರರ ವೇಗದಲ್ಲಿ ಓಡಿಸಿ, ಅಡ್ಡ ಬಂದ ಎಮ್ಮೆಗೆ ಬ್ರೇಕ್ ಒತ್ತಿ ನೋಡಿ ಅಂದರೆ ನೀವೂ ಬೇಡ ಅಂತೀರಿ. ಎಸ್ಟೇಟ್ ಜೀಪಿನವರು ಮಳೆಗಾಲದಲ್ಲಿ ಚಕ್ರಕ್ಕೆ ಚೈನ್ ಸುತ್ತುವುದನ್ನು ನೀವು ನೋಡಿರಬಹುದು. ಹತ್ತಿಸುವುದು ಆ ಚೈನು, ಎಲೆಕ್ಟ್ರಾನಿಕ್ಸ್ ಇಲ್ಲದಿರುವುದು ಅಲ್ಲ.

ಪ್ರಶ್ನೆ: ಇಂಥ ಸ್ವಿಚ್ ಹಾಕಿಸಿದರೆ ಆರ್‌ಟಿಒ, ಇನ್ಶೂರೆನ್ಸ್ ತಕರಾರು ಬರುತ್ತಾ? (ಭದ್ರಾವತಿ)

ಉತ್ತರ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುವುದು ಆರ್‌ಸಿಯಲ್ಲಿರುವ ವಿವರಕ್ಕೆ ವ್ಯತ್ಯಾಸ ಆಗುವಂಥ ಬದಲಾವಣೆ ಬಗ್ಗೆ. ಆರ್‌ಸಿಯಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಬರೆದಿರುವುದಿಲ್ಲ, ಹಾಗಾಗಿ ಕಂಪನಿ ಬಟನ್ ಒಂದಕ್ಕೆ ಯಾರೂ ಗಲಾಟೆ ಮಾಡಲಾರರು. ಎಬಿಎಸ್ ಕೊಲ್ಲುವ ಸ್ವಿಚ್ ಬೇರೆ ಮಾತು. ಏಪ್ರಿಲ್ 2019ರಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ. ಅನುಮತಿ ಇಲ್ಲದ ರೀತಿಯಲ್ಲಿ ಗಾಡಿ ಬದಲಾಯಿಸಿದರೆ 2019ರ ತಿದ್ದುಪಡಿಯ 182ಎ ಸೆಕ್ಷನ್ ಪ್ರಕಾರ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಅಪಘಾತವಾದರೆ ಸ್ಕ್ಯಾನರ್‌ನಲ್ಲಿ ಫಾಲ್ಟ್ ಕೋಡ್ ಸಿಗುತ್ತದೆ, ಕತ್ತರಿಸಿದ ವೈರ್ ಕಣ್ಣಿಗೇ ಕಾಣುತ್ತದೆ. ಕ್ಲೇಮ್ ನೋಡುವ ಸರ್ವೇಯರ್ ಸುಮ್ಮನಿರುತ್ತಾರೆ ಅಂತ ಅಂದುಕೊಳ್ಳಬೇಡಿ. ಆ ಭಾಗದ ವಾರಂಟಿಯ ಆಸೆಯನ್ನೂ ಬಿಡಬೇಕಾಗುತ್ತದೆ.

ಪ್ರಶ್ನೆ: ನನ್ನ ಗಾಡಿಯಲ್ಲಿ ಇಎಸ್‌ಪಿ ಆಫ್ ಬಟನ್ ಇದೆ. ಒತ್ತಿದರೂ ಸ್ವಲ್ಪ ವೇಗ ಹೋದ ಮೇಲೆ ತಾನೇ ಆನ್ ಆಗುತ್ತದೆ, ಪ್ರತಿ ಸಲ ಸ್ಟಾರ್ಟ್ ಮಾಡಿದಾಗಲೂ ಆನ್. ಕಾಯಂ ಆಫ್ ಇಡಬಹುದಾ? (ಕೊಪ್ಪದಿಂದ)

ಉತ್ತರ: ಕಂಪನಿಯವರು ಬೇಕಂತಲೇ ಹಾಗೆ ಮಾಡಿದ್ದಾರೆ, ಹಾಗೇ ಇರಲಿ. ಬಟನ್ನನ್ನು ಒಮ್ಮೆ ಒತ್ತುವುದಕ್ಕೂ ಕೆಲವು ಸೆಕೆಂಡ್ ಒತ್ತಿ ಹಿಡಿಯುವುದಕ್ಕೂ ಹಲವು ಗಾಡಿಗಳಲ್ಲಿ ವ್ಯತ್ಯಾಸ ಇದೆ. ಒಮ್ಮೆ ಒತ್ತಿದರೆ ಟ್ರ್ಯಾಕ್ಷನ್ ಕಂಟ್ರೋಲ್ ಮಾತ್ರ ಬಿಡುತ್ತದೆ, ಹಿಡಿದರೆ ಇಎಸ್‌ಪಿಯೂ ಬಿಡುತ್ತದೆ. ಕೆಸರಿಗೆ ಸಾಮಾನ್ಯವಾಗಿ ಮೊದಲನೆಯದು ಸಾಕು. ನಿಮ್ಮ ಗಾಡಿಯಲ್ಲಿ ಯಾವುದು ಹೇಗೆ ಅಂತ ಕೈಪಿಡಿಯಲ್ಲಿದೆ, ಗ್ಲೋವ್ ಬಾಕ್ಸಿನಲ್ಲಿ ಇನ್ನೂ ಪ್ಲಾಸ್ಟಿಕ್ ಕವರಿನೊಳಗೇ ಇರಬೇಕು.