ಲೋವರಿಂಗ್ ಸ್ಪ್ರಿಂಗ್: ಅಂಗಳದಲ್ಲಿ ಎಷ್ಟು, ಗ್ಯಾರೇಜಿನಲ್ಲಿ ಎಷ್ಟು?

ಪ್ರಶ್ನೆ: ನನ್ನದು 2019ರ ಸ್ವಿಫ್ಟ್. ಕಾರು ಸ್ವಲ್ಪ ತಗ್ಗಿ ಕಾಣಲಿ ಅಂತ 35 ಮಿ.ಮೀ. ಇಳಿಸುವ ಲೋವರಿಂಗ್ ಸ್ಪ್ರಿಂಗ್ ಸೆಟ್ ತರಿಸಿದ್ದೇನೆ. ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿ ಕೇಳಿದರೆ ಬರೀ ಫಿಟ್ಟಿಂಗಿಗೆ 6 ಸಾವಿರ ಅಂದರು. ಗೆಳೆಯ ಹೇಳುತ್ತಾನೆ, ದುಡ್ಡು ಯಾಕೆ ಹಾಳು, ಅಂಗಳದಲ್ಲಿ ಒಂದು ಭಾನುವಾರ ಕೂತರೆ ಮುಗೀತು ಅಂತ. ಪಾನಾ ಸೆಟ್ ಇದೆ, ಬ್ರೇಕ್ ಪ್ಯಾಡ್ ನಾನೇ ಬದಲಿಸಿ ಗೊತ್ತು. ಮಾರಿಕಾಂಬಾ ಜಾತ್ರೆಯೊಳಗೆ ಹಾಕಬೇಕು ಅಂತಿದ್ದೇನೆ. ಏನು ಮಾಡಲಿ ಸರ್?
- ಓದುಗರು, ಶಿರಸಿ

ಉತ್ತರ: ಹಿಂದಿನ ಎರಡನ್ನು ನೀವೇ ಹಾಕಿ. ಮುಂದಿನ ಎರಡಕ್ಕೆ ದುಡ್ಡು ಕೊಡಿ. ಯಾಕೆ ಅಂತ ಬಿಡಿಸಿ ಹೇಳದಿದ್ದರೆ ನಿಮ್ಮ ಗೆಳೆಯನ ಮಾತೇ ಸರಿ ಅನಿಸೀತು, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಸ್ವಿಫ್ಟಿನ ಹಿಂದುಗಡೆ ಸ್ಪ್ರಿಂಗ್ ಬೇರೆ, ಶಾಕ್ ಅಬ್ಸಾರ್ಬರ್ ಬೇರೆ. ಎರಡೂ ಚಕ್ರಗಳನ್ನು ಕೂಡಿಸುವ ಅಡ್ಡ ಬೀಮಿನ ಮೇಲೆ ಸ್ಪ್ರಿಂಗ್ ಸುಮ್ನೆ ಕೂತಿರುತ್ತದೆ, ಅದನ್ನು ಬೋಲ್ಟ್ ಹಾಕಿ ಹಿಡಿದಿರುವುದಿಲ್ಲ. ಕಾರನ್ನು ಎತ್ತಿ ಜಾಕ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಬೀಮಿನ ಕೆಳಗೆ ಇನ್ನೊಂದು ಜಾಕ್ ಕೊಟ್ಟು, ಎರಡೂ ಶಾಕಿನ ಕೆಳಗಿನ ಬೋಲ್ಟ್ ತೆಗೆದು, ಆ ಜಾಕನ್ನು ನಿಧಾನ ಇಳಿಸುತ್ತಾ ಹೋದರೆ ಸ್ಪ್ರಿಂಗ್ ಸಡಿಲವಾಗಿ ಕೈಗೆ ಬರುತ್ತದೆ. ಇಳಿಸುವಾಗ ಬ್ರೇಕ್ ಹೋಸು, ಎಬಿಎಸ್ ವಯರು, ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿಯಾಗುತ್ತಿವೆಯಾ ಅಂತ ಕಣ್ಣಿಟ್ಟಿರಿ. ಹೊಸ ಸ್ಪ್ರಿಂಗಿನ ತುದಿ ಕೆಳಗಿನ ರಬ್ಬರ್ ಸೀಟಿನ ಗುರುತಿಗೆ ಸರಿಯಾಗಿ ಕೂರಬೇಕು, ಮೇಲು ಕೆಳಗು ತಿರುಗಬಾರದು. ಒಂದು ಮಾತು ಮರೆಯಬೇಡಿ, ಶಾಕಿನ ಕೆಳಗಿನ ಬೋಲ್ಟನ್ನು ಚಕ್ರ ಗಾಳಿಯಲ್ಲಿ ನೇತಾಡುತ್ತಿರುವಾಗ ಪೂರ್ತಿ ಬಿಗಿ ಮಾಡಬಾರದು. ಕಾರಿನ ಭಾರ ಚಕ್ರದ ಮೇಲೆ ಕೂತ ನಂತರವೇ ಕೊನೆಯ ಬಿಗಿ. ಇಲ್ಲದಿದ್ದರೆ ಒಳಗಿನ ರಬ್ಬರ್ ಬುಶ್ ಯಾವಾಗಲೂ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ.

ಇದೆಲ್ಲ ತಾಳ್ಮೆಯ ಕೆಲಸ, ಬ್ರೇಕ್ ಪ್ಯಾಡ್ ಬದಲಿಸಿದವರಿಗೆ ಕಷ್ಟ ಇಲ್ಲ. ನನಗೆ ಭಯ ಇರುವುದು ನಿಮ್ಮ ಅಂಗಳದ ಬಗ್ಗೆ. ನಮ್ಮ ಕಡೆ ಜಾಕ್ ಸ್ಟ್ಯಾಂಡ್ ಇಲ್ಲ ಅಂದಕೂಡಲೇ ಎಲ್ಲರ ಕೈ ಹೋಗುವುದು ಚಿರೆಕಲ್ಲಿಗೆ. ಗೋಡೆ ಕಟ್ಟಲು ಅದು ಒಳ್ಳೆಯ ಕಲ್ಲು, ಆದರೆ ಕಾರಿನ ಭಾರ ಒಂದೇ ಬಿಂದುವಿನ ಮೇಲೆ ಬಿದ್ದರೆ ಯಾವ ಮುನ್ಸೂಚನೆಯೂ ಇಲ್ಲದೆ ಒಡೆದು ಪುಡಿಯಾಗುತ್ತದೆ. ದಯವಿಟ್ಟು ಕಾರಿನ ಅಡಿಗೆ ಚಿರೆಕಲ್ಲು ಇಡಬೇಡಿ. ಸಿಮೆಂಟ್ ಇಟ್ಟಿಗೆಯೂ ಬೇಡ. ಎರಡು ಒಳ್ಳೆಯ ಸ್ಟ್ಯಾಂಡ್ ಕೊಳ್ಳಿ, ಮಣ್ಣಿನ ಅಂಗಳವಾದರೆ ಅವುಗಳ ಕೆಳಗೆ ದಪ್ಪ ಹಲಗೆ ಹಾಕಿ. ಹಿಂದಿನ ಚಕ್ರ ಎತ್ತಿದ ಮೇಲೆ ಹ್ಯಾಂಡ್‌ಬ್ರೇಕ್ ಕೆಲಸಕ್ಕೆ ಬರುವುದಿಲ್ಲ, ಅದು ಹಿಡಿಯುವುದು ಹಿಂದಿನ ಚಕ್ರವನ್ನೇ ಅಲ್ವಾ. ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಅಡ್ಡ ಕೊಟ್ಟು, ಗಾಡಿಯನ್ನು ಗೇರಿನಲ್ಲಿಡಿ.

ಈಗ ಮುಂದಿನದು. ಅಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಒಂದೇ ಜೋಡಣೆ, ಅದಕ್ಕೆ ಸ್ಟ್ರಟ್ ಅನ್ನುತ್ತಾರೆ. ಪೆಟ್ರೋಲ್ ಸ್ವಿಫ್ಟ್ ಖಾಲಿ ಇದ್ದಾಗಲೇ 850ರಿಂದ 900 ಕೆಜಿ ಆಸುಪಾಸು ತೂಗುತ್ತದೆ, ಎಂಜಿನ್ ಮುಂದಿರುವುದರಿಂದ ಅರ್ಧಕ್ಕಿಂತ ಜಾಸ್ತಿ ಭಾರ ಮುಂದಿನ ಎರಡು ಸ್ಪ್ರಿಂಗಿನ ಪಾಲಿಗೆ. ಅಂದರೆ ಒಂದೊಂದೂ 200 ಕೆಜಿಗೂ ಮೀರಿದ ಭಾರ ಹೊರುವಂಥದ್ದು. ಸ್ಟ್ರಟ್ಟನ್ನು ಕಾರಿನಿಂದ ಬಿಚ್ಚಿ ನೆಲದ ಮೇಲಿಟ್ಟರೂ ಸ್ಪ್ರಿಂಗ್ ಒಳಗೆ ಒತ್ತಿಕೊಂಡೇ ಇರುತ್ತದೆ. ಅದನ್ನು ಹಿಡಿದಿರುವುದು ರಾಡಿನ ತುದಿಯ ಒಂದೇ ನಟ್. ಕಂಪ್ರೆಸರ್ (ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸಾಧನ) ಹಾಕಿ ಸ್ಪ್ರಿಂಗನ್ನು ಇನ್ನೂ ಒತ್ತಿ, ಸೀಟಿನಿಂದ ಬಿಡಿಸಿಕೊಂಡ ಮೇಲೆ ಮಾತ್ರ ಆ ನಟ್ ಮುಟ್ಟಬೇಕು. ಹಾಗೆ ಮಾಡದೆ ನಟ್ ಬಿಚ್ಚಿದರೆ ಮೇಲಿನ ಕಬ್ಬಿಣದ ತಟ್ಟೆ ಗುಂಡಿನ ಹಾಗೆ ಹಾರುತ್ತದೆ. ಮುಖ, ಕೈ, ಹಲ್ಲು ಯಾವುದೂ ಉಳಿಯುವುದಿಲ್ಲ.

ಕಂಪ್ರೆಸರ್ ಬಾಡಿಗೆಗೆ ತಂದರೆ ಆಯ್ತಲ್ಲ ಅಂತ ನೀವು ಕೇಳಬಹುದು. ಎರಡು ಕೊಕ್ಕೆಯ ಉದ್ದ ಸ್ಕ್ರೂ ಮಾದರಿಯ ಕಂಪ್ರೆಸರ್ ಕಡಿಮೆ ಬೆಲೆಗೂ ಸಿಗುತ್ತದೆ ನಿಜ. ಅವುಗಳನ್ನು ಸ್ಪ್ರಿಂಗಿನ ಸರಿಯಾಗಿ ಎದುರು ಬದುರು ಕೂರಿಸಿ, ಇದಕ್ಕೊಂದು ಸುತ್ತು ಅದಕ್ಕೊಂದು ಸುತ್ತು ಅಂತ ಸಮವಾಗಿ, ಕೈಯಿಂದಲೇ ಬಿಗಿಯಬೇಕು. ಗಾಳಿ ಗನ್ನು ಹಿಡಿದು ಬಿಗಿಯಲೇಬಾರದು. ಒಂದು ಕೊಕ್ಕೆ ಜಾರಿದರೆ ಸ್ಪ್ರಿಂಗ್ ಬಾಗಿ ಪಕ್ಕಕ್ಕೆ ಸಿಡಿಯುತ್ತದೆ. ಇದನ್ನು ಮೊದಲ ಸಲ ಮಾಡುವವರು ಒಬ್ಬರೇ ಅಂಗಳದಲ್ಲಿ ಕೂತು ಕಲಿಯಬೇಕು ಅಂತ ನಾನು ಯಾರಿಗೂ ಹೇಳುವುದಿಲ್ಲ. ಇನ್ನೂ ಒಂದು ವಿಷಯ, ಹೊಸ ಸ್ಪ್ರಿಂಗ್ ಗಿಡ್ಡ ಇರುವುದರಿಂದ ಅದನ್ನು ಕೂರಿಸುವುದು ಸಾಮಾನ್ಯವಾಗಿ ಸುಲಭ, ಹೆಚ್ಚಿನ ಅಪಾಯ ಇರುವುದು ಹಳೆಯದನ್ನು ಬಿಡಿಸುವಾಗ. ಅದಕ್ಕೇ ಸುಲಭವಾಗಿ ಆಗುತ್ತೆ ಅಂದವರ ಮಾತು ನಂಬಿ ಮೊದಲ ಹೆಜ್ಜೆಯಲ್ಲೇ ಪೆಟ್ಟು ತಿನ್ನುತ್ತಾರೆ.

ನಿಮಗೆ ಕೈಯಾರೆ ಮಾಡುವ ಆಸೆ ಇದೆ, ಅದು ನನಗೆ ಇಷ್ಟವೇ. ಹಾಗಾದರೆ ನಡುವಿನ ದಾರಿ ಒಂದಿದೆ. ಸ್ಟ್ರಟ್ಟನ್ನು ನೀವೇ ಬಿಚ್ಚಿ, ಇಡೀ ಜೋಡಣೆಯನ್ನು ಹಾಗೇ ಡಿಕ್ಕಿಯಲ್ಲಿ ಹಾಕಿಕೊಂಡು (ಬೇರೆ ಗಾಡಿಯ ಡಿಕ್ಕಿ, ನಿಮ್ಮದು ಸ್ಟ್ಯಾಂಡಿನ ಮೇಲಿರುತ್ತದೆ) ಗೋಡೆಗೋ ಕಂಬಕ್ಕೋ ಕೂರಿಸಿದ ದೊಡ್ಡ ಕಂಪ್ರೆಸರ್ ಇರುವ ಗ್ಯಾರೇಜಿಗೆ ಒಯ್ದು, ಸ್ಪ್ರಿಂಗ್ ಮಾತ್ರ ಬದಲಿಸಿ ಕೊಡಿ ಅನ್ನಿ. ಅಷ್ಟಕ್ಕೆ 6 ಸಾವಿರ ಯಾರೂ ಕೇಳುವುದಿಲ್ಲ. ಬಿಚ್ಚುವಾಗ ಬ್ರೇಕ್ ಹೋಸಿನ ಕ್ಲಿಪ್ಪು, ಎಬಿಎಸ್ ವಯರು, ಸ್ಟ್ರಟ್ಟಿಗೆ ಕೂಡಿಸಿದ ಸಣ್ಣ ಕಂಬಿ (ಲಿಂಕ್ ರಾಡ್) ಮೊದಲು ಬಿಡಿಸಿ, ಆಮೇಲೆ ಸ್ಟ್ರಟ್ಟಿನ ಕೆಳಗಿನ ಎರಡು ದಪ್ಪ ಬೋಲ್ಟ್. ಚಕ್ರದ ಭಾಗವನ್ನು ಬ್ರೇಕ್ ಹೋಸಿನ ಮೇಲೆ ನೇತಾಡಲು ಬಿಡಬೇಡಿ, ತಂತಿ ಹಾಕಿ ಕಟ್ಟಿ. ಬಾನೆಟ್ಟಿನ ಒಳಗೆ ಮೇಲೆ ಕಾಣುವ ನಟ್ಟುಗಳಲ್ಲಿ ಯಾವುದು ಸ್ಟ್ರಟ್ಟನ್ನು ಕಾರಿನ ಚೌಕಟ್ಟಿಗೆ ಹಿಡಿದಿದೆ, ಯಾವುದು ಸ್ಪ್ರಿಂಗನ್ನು ಹಿಡಿದಿದೆ ಅನ್ನುವುದು ಕಾರಿನಿಂದ ಕಾರಿಗೆ ಬೇರೆ. ಸರ್ವಿಸ್ ಮ್ಯಾನ್ಯುಯಲ್ ನೋಡಿ ಖಚಿತ ಆಗುವ ತನಕ ಪಾನಾ ಹಾಕಬೇಡಿ.

ಎಲ್ಲ ಆದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ಕಾರು ತಗ್ಗಿದಾಗ ಮುಂದಿನ ಚಕ್ರದ ಕೋನ ಬದಲಾಗುತ್ತದೆ, ಬಿಟ್ಟರೆ ಟೈರು ಒಂದೇ ಬದಿ ಸವೆಯುತ್ತದೆ. ಶಾಕ್ ಹಳೆಯದಾಗಿದ್ದರೆ ಈಗಲೇ ಬದಲಿಸಿ, ಇಲ್ಲದಿದ್ದರೆ ಅದೇ ಲೇಬರ್ ಎರಡು ಸಲ ಕೊಡಬೇಕಾಗುತ್ತದೆ.

ಕೊನೆಗೆ ನೀವು ಕೇಳದ ಮಾತು. ನಿಮ್ಮ ಸ್ವಿಫ್ಟಿನ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಕಾರಿನ ತಳಕ್ಕೂ ಇರುವ ಅಂತರ) 163 ಮಿ.ಮೀ. ಅದರಲ್ಲಿ 35 ಹೋದರೆ 128. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ರೋಡ್ ಹಂಪಿನ ಎತ್ತರ 100 ಮಿ.ಮೀ., ಅಗಲ 3.7 ಮೀಟರ್. ಆ ಅಳತೆಯ ಹಂಪು ನಮ್ಮ ಊರುಗಳಲ್ಲಿ ಎಲ್ಲಿದೆ ಹೇಳಿ? ಊರವರೇ ಹಾಕಿಸಿದ ಹಂಪು ಗಿಡ್ಡ ಅಗಲದ್ದು, ಚೂಪು ನೆತ್ತಿಯದ್ದು. ನಾಲ್ಕು ಜನ ಕೂತು, ಡಿಕ್ಕಿಯಲ್ಲಿ ಸಾಮಾನು ತುಂಬಿ, ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುವಾಗಲೋ, ಲಾರಿ ಓಡಿ ಓಡಿ ಗಾಲಿಯ ಜಾಡು ಬಿದ್ದ ಅರಬೈಲ್ ಘಟ್ಟದಲ್ಲೋ, ಆ 128 ಇನ್ನೂ ಕಡಿಮೆಯಾಗುತ್ತದೆ. ತೋಟದ ಮನೆಯಾದರೆ ದಣಪೆ (ಬೇಲಿಯ ಗೇಟು) ದಾಟಿ ಇಳಿಯುವ ದಾರಿಯೂ ಇದೆ. ಮೊದಲು ತಾಗುವುದು ಮುಂದಿನ ಬಂಪರ್, ನಂತರ ಎಂಜಿನ್ ಅಡಿಯ ಆಯಿಲ್ ಸಂಪ್ (ಎಣ್ಣೆಯ ತೊಟ್ಟಿ). ಆ ಸೆಟ್ ವಾಪಸ್ ಕೊಟ್ಟು 20 ಅಥವಾ 25 ಮಿ.ಮೀ.ನದು ತೆಗೆದುಕೊಳ್ಳಲು ಸಾಧ್ಯವಾದರೆ ನಾನು ಅದನ್ನೇ ಹೇಳುತ್ತೇನೆ. ಹಳೆಯ ಸ್ಪ್ರಿಂಗುಗಳನ್ನು ಗುಜರಿಗೆ ಹಾಕಬೇಡಿ, ಗುರುತು ಬರೆದು ಅಟ್ಟದ ಮೇಲಿಡಿ.

ಪ್ರಶ್ನೆ: ಮಗ ಹೊಸ ಸ್ಪ್ರಿಂಗ್ ದುಬಾರಿ ಅಂತ ಇದ್ದ ಸ್ಪ್ರಿಂಗನ್ನೇ ಕಟ್ ಮಾಡಿಸಿ ಕಾರು ತಗ್ಗಿಸುತ್ತೇನೆ ಅನ್ನುತ್ತಿದ್ದಾನೆ. ಪರಿಚಯದ ಮೆಕ್ಯಾನಿಕ್ ಒಪ್ಪಿದ್ದಾರಂತೆ. ಬಿಡಬಹುದಾ?
- ಓದುಗರು, ಕುಮಟಾ

ಉತ್ತರ: ಬೇಡ ಅಕ್ಕಾ, ಬಿಡಲೇಬೇಡಿ. ಸ್ಪ್ರಿಂಗಿನ ತುದಿ ಸೀಟಿನ ಗುಳಿಗೆ ಸರಿಹೊಂದುವಂತೆ ಮಾಡಿರುತ್ತಾರೆ. ಕತ್ತರಿಸಿದ ತುದಿ ಅಲ್ಲಿ ಕೂರುವುದಿಲ್ಲ. ಹೊಂಡಕ್ಕೆ ಚಕ್ರ ಇಳಿದಾಗ ಸ್ಪ್ರಿಂಗ್ ಸಡಿಲಾಗಿ ಜಾಗ ತಪ್ಪುವ ಸಾಧ್ಯತೆ ಇದೆ. ಗ್ಯಾಸ್ ಕಟರಿನಲ್ಲಿ ಕತ್ತರಿಸಿದರೆ ಇನ್ನೂ ಕೆಟ್ಟದು, ಆ ಬಿಸಿಗೆ ಉಕ್ಕಿನ ಹದವೇ ಹೋಗುತ್ತದೆ, ಒಂದು ದಿನ ಓಡುವಾಗಲೇ ಮುರಿಯಬಹುದು. ಮಗನಿಗೆ ಕಾನೂನಿನ ಮಾತೂ ಹೇಳಿ. ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ಮಾಡಬಾರದು ಅಂತ ಮೋಟಾರು ವಾಹನ ಕಾಯ್ದೆಯ ಕಲಂ 52 ಹೇಳುತ್ತದೆ. 2019ರ ತಿದ್ದುಪಡಿಯ ನಂತರ ನಿಯಮ ಮೀರಿದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಕಾರು ನಿಮ್ಮ ಹೆಸರಲ್ಲಿದ್ದರೆ ಆ ಮಾಲೀಕರು ನೀವೇ. ಸ್ಪ್ರಿಂಗ್ ಕಂಪನಿಯದ್ದೇ ಆದರೂ ಹಾಕುವ ಮೊದಲು ವಿಮೆ ಕಂಪನಿಗೆ ಪತ್ರ ಬರೆದು ಕೇಳುವುದು ಒಳ್ಳೆಯದು.

ಪ್ರಶ್ನೆ: ಸಮುದ್ರದ ಹತ್ತಿರವೇ ಮನೆ. ಸ್ಟ್ರಟ್ ಬೋಲ್ಟ್ ತುಕ್ಕು ಹಿಡಿದು ಅಲುಗುತ್ತಿಲ್ಲ. ಸುತ್ತಿಗೆ ಏಟು ಕೊಡಲಾ?
- ಓದುಗರು, ಕಾರವಾರ

ಉತ್ತರ: ಈಗಲೇ ಬೇಡ. ಉಪ್ಪು ಗಾಳಿಗೆ ನಮ್ಮ ಕರಾವಳಿಯ ಎಲ್ಲ ಗಾಡಿಗಳದ್ದೂ ಇದೇ ಪಾಡು. ತಂತಿ ಬ್ರಶ್ಶಿನಿಂದ ಬೋಲ್ಟಿನ ಎಳೆ (ಥ್ರೆಡ್) ಉಜ್ಜಿ ತುಕ್ಕು ತೆಗೆಯಿರಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಒಂದು ರಾತ್ರಿ ಬಿಡಿ, ಬೆಳಿಗ್ಗೆ ಇನ್ನೊಮ್ಮೆ ಹೊಡೆಯಿರಿ. ಸ್ಪ್ರೇ ರಬ್ಬರ್ ಬುಶ್ಶಿಗೆ ತಾಗದ ಹಾಗೆ ಬಟ್ಟೆ ಅಡ್ಡ ಹಿಡಿಯಿರಿ. ನಂತರ ಉದ್ದ ಹಿಡಿಕೆಯ ಪಾನಾ ಹಾಕಿ ಸ್ವಲ್ಪ ಬಿಗಿ, ಸ್ವಲ್ಪ ಸಡಿಲ ಅಂತ ಹಿಂದೆ ಮುಂದೆ ಆಡಿಸಿ. ನಟ್ ಬಿಟ್ಟ ಮೇಲೂ ಬೋಲ್ಟ್ ಹೊರಗೆ ಬರದಿದ್ದರೆ, ನಟ್ಟನ್ನು ಎಳೆಯ ತುದಿಯ ಮಟ್ಟಕ್ಕೆ ಮತ್ತೆ ಹಾಕಿ ಅದರ ಮೇಲೆ ಮೆಲ್ಲಗೆ ಬಡಿಯಿರಿ, ಎಳೆ ಹಾಳಾಗುವುದಿಲ್ಲ. ತೆಗೆದ ಬೋಲ್ಟ್, ನಟ್ ಮತ್ತೆ ಬಳಸಬೇಡಿ, ಹೊಸದು ಹಾಕಿ. ಹೊಸ ಸ್ಪ್ರಿಂಗ್ ಹಾಕುವಾಗ ಅದರ ಬಣ್ಣಕ್ಕೆ ಕೊಕ್ಕೆಯೋ ಪಾನಾವೋ ತಾಗಿ ಗೀರು ಬಿದ್ದರೆ ಅಲ್ಲೇ ಬಣ್ಣ ಹಚ್ಚಿಬಿಡಿ. ಕಾರವಾರದ ಗಾಳಿಯಲ್ಲಿ ತುಕ್ಕು ಶುರುವಾಗುವುದೇ ಆ ಗೀರಿನಿಂದ, ಸ್ಪ್ರಿಂಗ್ ಮುರಿಯುವುದೂ ಅಲ್ಲಿಂದಲೇ.