ಸಹಿ ಹಾಕುವ ಮುಂಚೆ ಒಂದು ಸುತ್ತು ನೋಡಿ

ಹೊರದೇಶದಲ್ಲಿ ಹೊಸದಾಗಿ ಮನೆ ಮಾಡುತ್ತಿದ್ದೇನೆ, ಬೀರು ಮತ್ತು ಊಟದ ಮೇಜು ಲಾರಿಯಲ್ಲಿ ಬರುತ್ತವೆ, ಹಳೇ ಮನೆಯ ಸಾಮಾನು ಹಡಗಿನಲ್ಲಿದೆ, ಒಡೆದು ಬಂದರೆ ಯಾರನ್ನು ಕೇಳಬೇಕು ಅಂತ ಬರೆದಿದ್ದೀರಿ. ಯಾರನ್ನು ಕೇಳಬೇಕು ಅನ್ನುವುದು ಆಮೇಲಿನ ಮಾತು. ಡ್ರೈವರ್ ಚೀಟಿ ಮುಂದೆ ಹಿಡಿದಾಗ ನೀವು ಏನು ಬರೆಯುತ್ತೀರಿ ಅನ್ನುವುದೇ ಎಲ್ಲಕ್ಕಿಂತ ಮುಖ್ಯ.

ಆ ಡೆಲಿವರಿ ಚೀಟಿಗೆ ಸುಮ್ನೆ ಸಹಿ ಹಾಕಿದರೆ ಸಾಮಾನು ಚೆನ್ನಾಗಿ ಬಂತು ಅಂತ ನೀವೇ ಒಪ್ಪಿಕೊಂಡ ಹಾಗೆ. ಆಮೇಲೆ ಅಲ್ಲ ಅಂತ ಸಾಧಿಸುವುದು ಬಹಳ ಕಷ್ಟ.

ಹಾಗಾಗಿ ಮೊದಲು ಪೆಟ್ಟಿಗೆಗಳನ್ನು ಎಣಿಸಿ. ಲೇಬಲ್‌ನಲ್ಲಿರುವ ಹೆಸರು, ನಂಬರು ನಿಮ್ಮದೇನಾ ನೋಡಿ. ಆಮೇಲೆ ಸುತ್ತಲೂ ಹೋಗಿ. ಮೂಲೆಗಳು ಜಜ್ಜಿವೆಯಾ? ಪ್ಯಾಲೆಟ್ಟಿಗೆ, ಅಂದರೆ ಪೆಟ್ಟಿಗೆ ಜೋಡಿಸಿಟ್ಟ ಹಲಗೆಯ ಅಡಿಪೀಠಕ್ಕೆ, ಸುತ್ತಿದ ಪ್ಲಾಸ್ಟಿಕ್ ಹರಿದಿದೆಯಾ? ಒಂದೇ ಕಡೆ ಬೇರೆ ಬಣ್ಣದ ಟೇಪ್ ಇದ್ದರೆ ದಾರಿಯಲ್ಲಿ ಯಾರೋ ಬಿಚ್ಚಿ ಮತ್ತೆ ಅಂಟಿಸಿರಬಹುದು. ಕೆಳಭಾಗವನ್ನು ತಪ್ಪದೇ ನೋಡಿ. ಫೋರ್ಕ್‌ಲಿಫ್ಟ್‌ನ ಕವಲು ತಾಗಿ ಆಗುವ ತೂತು ಅಲ್ಲೇ ಇರುತ್ತದೆ, ನಿಂತು ನೋಡಿದರೆ ಕಾಣುವುದಿಲ್ಲ. ಕೆಲವು ಪೆಟ್ಟಿಗೆಗಳ ಮೇಲೆ ಪೆಟ್ಟು ಬಿದ್ದರೆ ಕೆಂಪಾಗುವ ಸ್ಟಿಕ್ಕರ್ ಇರುತ್ತದೆ. ಕೆಂಪಾಗಿದೆ ಅಂದ ಮಾತ್ರಕ್ಕೆ ಒಳಗಿನದು ಒಡೆದಿದೆ ಅಂತಲ್ಲ, ಆದರೆ ಅದನ್ನೂ ಚೀಟಿಯಲ್ಲಿ ಬರೆಯಿರಿ. ಸಾಧ್ಯವಾದರೆ ಸಾಮಾನು ಲಾರಿಯಲ್ಲಿ ಇರುವಾಗಲೇ ಫೋಟೋ ತೆಗೆಯಿರಿ.

ಬರೆಯುವಾಗ 'ಡ್ಯಾಮೇಜ್' ಅಂತ ಒಂದೇ ಪದ ಗೀಚಿದರೆ ಸಾಲದು. 'ಆಮೇಲೆ ಪರೀಕ್ಷಿಸುತ್ತೇನೆ' ಅಂತ ಬರೆದರೂ ಹೆಚ್ಚು ಉಪಯೋಗವಿಲ್ಲ. ನನ್ನ ಪುಸ್ತಕದ ಕಪಾಟು ಬಂದಾಗ ನಾನು ಬರೆದದ್ದು ಹೀಗೆ: '3 ಪೆಟ್ಟಿಗೆಯಲ್ಲಿ 2ನೆಯದು, ಎಡಗಡೆ ಕೆಳಮೂಲೆ ಜಜ್ಜಿದೆ, 4 ಇಂಚಿನ ತೂತು, ಒಳಗಿನ ಹಲಗೆ ಸೀಳಿದೆ.' ಡ್ರೈವರ್ ಕೈಯಲ್ಲೂ ಸಹಿ ಹಾಕಿಸಿ ಒಂದು ಪ್ರತಿ ಇಟ್ಟುಕೊಂಡೆ. ಆ ಕ್ಲೇಮಿಗೆ ಯಾರೂ ತಕರಾರು ಮಾಡಲಿಲ್ಲ.

ಸ್ವಲ್ಪ ಪೆಟ್ಟಾಗಿದೆ ಅಂತ ಇಡೀ ಲೋಡನ್ನು ವಾಪಸ್ ಕಳಿಸಬೇಡಿ. ಅದು ಗೋದಾಮಿನಲ್ಲಿ ಕೂತರೆ ಬಾಡಿಗೆ ನಿಮ್ಮ ತಲೆಗೆ ಬರಬಹುದು. ಪೂರ್ತಿ ನಜ್ಜುಗುಜ್ಜಾಗಿದ್ದನ್ನು ಮಾತ್ರ ಬೇಡ ಅನ್ನಿ.

ಹೊರಗೆ ಚೆನ್ನಾಗಿದ್ದು ಒಳಗೆ ಒಡೆದಿದ್ದರೆ ದಿನದ ಲೆಕ್ಕ ಶುರುವಾಗುತ್ತದೆ. ಹಡಗಿನ ಸಾಮಾನಿಗೆ ಹೇಗ್-ವಿಸ್ಬಿ ನಿಯಮ (ಸಮುದ್ರ ಸಾಗಣೆಯ ಅಂತರರಾಷ್ಟ್ರೀಯ ನಿಯಮ) ಅನ್ವಯಿಸಿದರೆ 3 ದಿನದೊಳಗೆ ಸಾಗಿಸಿದವರಿಗೆ ಬರೆದು ತಿಳಿಸಬೇಕು. ಯುರೋಪಿನಲ್ಲಿ ಗಡಿ ದಾಟಿ ಬರುವ ಲಾರಿಗೆ 1956ರ ಸಿಎಂಆರ್ ಅನ್ನುವ ರಸ್ತೆ ಸಾಗಣೆ ಒಪ್ಪಂದದಂತೆ 7 ದಿನ, ಭಾನುವಾರ ಮತ್ತು ರಜಾದಿನ ಬಿಟ್ಟು. ವಿಮಾನದ ಸರಕಿಗೆ 1999ರ ಮಾಂಟ್ರಿಯಲ್ ಒಪ್ಪಂದದಲ್ಲಿ 14 ದಿನ. ದೇಶದೊಳಗೇ ಓಡುವ ಲಾರಿಗೆ ಗಡುವು ಬೇರೆ ಇರುತ್ತದೆ, ಆರ್ಡರ್ ಷರತ್ತಿನಲ್ಲಿ ನೋಡಿಕೊಳ್ಳಿ. ಆಮೇಲೆ ಬಿಚ್ಚೋಣ ಅಂತ ಮೂಲೆಗೆ ತಳ್ಳಬೇಡಿ, ಬಂದ ದಿನವೇ ಬಿಚ್ಚಿ. ರಟ್ಟು, ಥರ್ಮಾಕೋಲ್, ಒಡೆದ ಚೂರು ಯಾವುದನ್ನೂ ಎಸೆಯಬೇಡಿ. ಪರೀಕ್ಷೆಗೆ ಬಂದವರು ಮೊದಲು ಕೇಳುವುದೇ ಅದನ್ನು.

ಅಂಗಡಿಯಿಂದ ಕೊಂಡಿದ್ದಾದರೆ ಮೊದಲು ಮಾರಿದವರಿಗೆ ಬರೆಯಿರಿ, ಫೋನಲ್ಲಿ ಹೇಳಿ ಬಿಡಬೇಡಿ. ಹಡಗಿನ ಸಾಮಾನಿಗೆ ವಿಮೆ ಮಾಡಿಸಿದ್ದರೆ ವಿಮೆಯವರಿಗೂ ಅದೇ ದಿನ ತಿಳಿಸಿ. ಬಿಲ್ಲು, ಫೋಟೋ, ಚೀಟಿಯ ಪ್ರತಿ, ಕೇಳುವ ಮೊತ್ತ, ಎಲ್ಲ ಒಟ್ಟಿಗೆ ಇರಲಿ.

ಡ್ರೈವರ್ ಅವಸರ ಮಾಡಿದರೆ? ಮಾಡುತ್ತಾರೆ, ಅವರಿಗೂ ಮುಂದಿನ ಮನೆ ಇದೆ ಅಲ್ವಾ. ನಯವಾಗಿಯೇ ಹೇಳಿ, ಆದರೆ ನೋಡದೆ ಸಹಿ ಹಾಕಬೇಡಿ. ಕಾಯುವುದೇ ಇಲ್ಲ ಅಂದರೆ 'ನೋಡಲು ಬಿಡಲಿಲ್ಲ' ಅಂತ ಗಂಟೆ ಸಮೇತ ಚೀಟಿಯಲ್ಲೇ ಬರೆದು, ಅದರ ಫೋಟೋ ತೆಗೆದುಕೊಂಡು ಸಹಿ ಹಾಕಿ.